ಬದಿಯಡ್ಕದ ಹಳೆಯ ಹಟ್ಟಿಯಲ್ಲಿ ಮರಗೆಲಸದ ಶೆಡ್ಡು: ಹುಡಿ, ಗಾಳಿ, ಕರೆಂಟು

ಶೆಡ್ಡಿಗೆ ಬಂದವರೆಲ್ಲ ಮೊದಲು ನೋಡುವುದು ಗೋಡೆಯ ಮೇಲಿನ ಕಂಟ್ರೋಲ್ ಪ್ಯಾನೆಲನ್ನು. ಗರಗಸದ ಬಟನ್ ಒತ್ತಿದರೆ ಅದರ ಪೈಪಿನ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಹಿಂದೆಯೇ ಬ್ಲೋವರ್ ಎದ್ದು ಹುಡಿ ಎಳೆಯುತ್ತದೆ. ಗರಗಸ ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಓಡಿ ಪೈಪು ಖಾಲಿ ಮಾಡಿ ಸುಮ್ಮನಾಗುತ್ತದೆ. "ಇದನ್ನೆಲ್ಲ ಎಲ್ಲಿ ಕಲಿತದ್ದು ಮಾಷ್ಟ್ರೇ?" ಎಂದು ಕೇಳುತ್ತಾರೆ. ಅದು ಕೊನೆಗೆ ಸೇರಿಸಿದ ಭಾಗ, ಇಡೀ ಕೆಲಸದಲ್ಲಿ ಕಡಮೆ ಕಾಡಿದ್ದೂ ಅದೇ. ಮಂಡೆಬಿಸಿ ಮಾಡಿದ್ದು ಕರೆಂಟಿನ ಕಂಬ, ನೆಲದೊಳಗಿನ ಅರ್ತ್ ಮತ್ತು ಪೈಪಿನ ಅಳತೆ. ಅಂತರ್ಜಾಲದಲ್ಲಿ ಸಿಗುವ ವಿಡಿಯೋಗಳಲ್ಲಿ ಈ ಮೂರರ ಸುದ್ದಿ ಬರುವುದು ಅಪರೂಪ. ಅವೆಲ್ಲ ಹಿಮ ಬೀಳುವ ಊರಿನವು. ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ, ನಾಲ್ಕು ತಿಂಗಳ ಮಳೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮರದ ಕೆಲಸ ಹವ್ಯಾಸ, ಮಾರಾಟಕ್ಕಲ್ಲ. ತೋಟದಲ್ಲಿ ಬಿದ್ದ ಹಲಸು, ಹೆಬ್ಬಲಸನ್ನು ಮಿಲ್ಲಿಗೆ ಕಳಿಸಿ ಹಲಗೆ ಮಾಡಿಸಿಟ್ಟಿದ್ದೆ. ಹಸುಗಳನ್ನು ಕೊಟ್ಟ ಮೇಲೆ ಖಾಲಿ ಬಿದ್ದಿದ್ದ ಹಟ್ಟಿಯಲ್ಲಿ ಮಂಚ, ಬೆಂಚು, ಬಾಗಿಲು ಎಂದು ಶುರುವಾಯಿತು. ಒಣ ಹಲಸಿನ ಹುಡಿ ಬಹಳ ನಯ. ಗರಗಸ ನಿಲ್ಲಿಸಿ ಎಷ್ಟೋ ಹೊತ್ತಾದರೂ ಬಿಸಿಲುಕೋಲಿನಲ್ಲಿ ತೇಲುತ್ತಲೇ ಇರುತ್ತದೆ, ಮೂಗು ಒರೆಸಿದರೆ ಹಳದಿ. ರಾತ್ರಿ ಕೆಮ್ಮು ಬಿಡದಾದಾಗ ಡಾಕ್ಟರು, "ಒಂದೋ ಇದನ್ನು ಬಿಡಿ, ಇಲ್ಲವೇ ಹುಡಿಗೆ ಏನಾದರೂ ವ್ಯವಸ್ಥೆ ಮಾಡಿ" ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಮರದ ಹುಡಿಯನ್ನು ಮೊದಲ ಗುಂಪಿಗೇ ಹಾಕಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಗುಂಪಿಗೆ. ಕಣ್ಣಿಗೆ ಕಾಣುವ ದಪ್ಪ ಹುಡಿ ನೆಲಕ್ಕೆ ಬೀಳುತ್ತದೆ, ಗುಡಿಸಿದರೆ ಹೋಯಿತು. ಶ್ವಾಸಕೋಶದ ತಳಕ್ಕೆ ಇಳಿಯುವುದು ಹತ್ತು ಮೈಕ್ರಾನಿಗಿಂತ ಸಣ್ಣದು, ಅದು ಕಣ್ಣಿಗೆ ಕಾಣುವುದೇ ಇಲ್ಲ.

ನನಗೆ ಜೊತೆ ಸಿಕ್ಕಿದವರು ನೆರೆಮನೆಯ ಇಚ್ಚ. ಗಲ್ಫಿನಲ್ಲಿ ಫ್ಯಾಕ್ಟರಿಯೊಂದರ ಮೆಂಟೆನೆನ್ಸ್‌ನಲ್ಲಿದ್ದು ಊರಿಗೆ ಮರಳಿದ ಇಲೆಕ್ಟ್ರಿಷಿಯನ್. ನನಗಿಂತ ಹಿರಿಯರು. ನಾನು ಪಿಎಲ್‌ಸಿ (ಮಿಷನ್‌ಗಳನ್ನು ನಡೆಸುವ ಸಣ್ಣ ಕಂಪ್ಯೂಟರ್), ಸೆನ್ಸರ್ ಎಂದು ಪಟ್ಟಿ ಹಿಡಿದು ಹೋದಾಗ ಅವರು ಅದನ್ನು ಮಡಚಿ ನನ್ನ ಕಿಸೆಗೇ ಹಾಕಿದರು. "ಮೊದಲು ಕರೆಂಟು ಬರಲಿ ಮಾಷ್ಟ್ರೇ. ನಂತರ ಗಾಳಿ. ಈ ಆಟಿಕೆ ಎಲ್ಲ ಕಡೆಗೆ."

ಮನೆಗಿದ್ದದ್ದು ಸಿಂಗಲ್ ಫೇಸ್. ಕೇರಳದ 2014ರ ಸಪ್ಲೈ ಕೋಡ್ ಪ್ರಕಾರ ಒಟ್ಟು ಲೋಡ್ 5 ಕಿಲೋವ್ಯಾಟ್ ದಾಟಿದರೆ ತ್ರೀ ಫೇಸ್ ಬೇಕು. ಗರಗಸ 3 ಎಚ್‌ಪಿ, ರಂದದ ಮಿಷನ್ 3 ಎಚ್‌ಪಿ, ಬ್ಲೋವರ್ 5 ಎಚ್‌ಪಿ, ಮೇಲೆ ಬ್ಯಾಂಡ್ ಸಾ, ರೌಟರ್, ಸ್ಯಾಂಡರ್. ಒಟ್ಟಿಗೆ ಓಡುವುದು ಒಂದು ಮಿಷನ್ ಮತ್ತು ಬ್ಲೋವರ್ ಮಾತ್ರ, ಆದರೆ ಅರ್ಜಿಯಲ್ಲಿ ಕೂಡಿಸುವುದು ಎಲ್ಲವನ್ನೂ. ಗುರುತಿನ ಚೀಟಿ, ಜಾಗದ ದಾಖಲೆ, ಲೈಸೆನ್ಸ್ ಇರುವ ವೈರಿಂಗ್ ಕಾಂಟ್ರಾಕ್ಟರ್ ಸಹಿ ಹಾಕಿದ ಕಂಪ್ಲೀಷನ್ ರಿಪೋರ್ಟ್ ಬೇಕಾಯಿತು. ಇಚ್ಚನ ಕೈಯಲ್ಲಿ ಕೆಲಸವಿದೆ, ಲೈಸೆನ್ಸಿಲ್ಲ. ಸಹಿಗೆ ಬೇರೆಯವರನ್ನು ಹುಡುಕಿದೆವು. ಅವರು ಬಂದು ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರ್) ಇಟ್ಟು ನೋಡಿದ ಮೇಲೆಯೇ ಸಹಿ ಹಾಕಿದ್ದು, ಹಾಗೆ ನೋಡುವವರನ್ನೇ ಹಿಡಿಯಿರಿ. ಕವರಿಂಗ್ ಲೆಟರನ್ನು ನಾನು ಕನ್ನಡದಲ್ಲೇ ಬರೆದೆ, ಯಾರೂ ತಕರಾರು ಮಾಡಲಿಲ್ಲ. ಸ್ವಂತ ಉಪಯೋಗಕ್ಕೆ ಮಾತ್ರ ಎಂದು ಅದರಲ್ಲೇ ಸ್ಪಷ್ಟವಾಗಿ ಹಾಕಿದ್ದೆ. ಮಾಡಿದ್ದನ್ನು ಮಾರುವ ಯೋಚನೆಯಿದ್ದರೆ ಮನೆಯ ಮೀಟರಿನಿಂದ ಎಳೆಯಬೇಡಿ. ಕೈಗಾರಿಕೆಯ ತಾರಿಫ್ ಬೇರೆ, ಪಂಚಾಯತಿನ ಲೈಸೆನ್ಸ್ ಬೇರೆ. ಶುರುವಿನಲ್ಲೇ ಕೇಳಿಕೊಂಡರೆ ಒಳ್ಳೆಯದು.

ಅರ್ಜಿಯಲ್ಲ, ಕಂಬವೇ ಬಿಡಿಸಲಾಗದ ಗಂಟಾಗಿ ಕೂತಿತು. ಮೂರು ಫೇಸ್ ಇರುವ ಹತ್ತಿರದ ಕಂಬದಿಂದ ನಮ್ಮಲ್ಲಿಗೆ ಲೈನ್ ಬರಬೇಕಾದರೆ ದೊಡ್ಡಪ್ಪನ ಮಗನ ತೋಟದ ಮೇಲೆಯೇ ಹಾಯಬೇಕು. ಅದಕ್ಕೆ ಅವನ ಸಮ್ಮತಿಪತ್ರ ಬೇಕು. ಅಣ್ಣ ಒಳ್ಳೆಯವನೇ, ಆದರೆ ಅಡಿಕೆ ಮರದ ವಿಷಯಕ್ಕೆ ಬಂದರೆ ಯಾರೂ ಒಳ್ಳೆಯವರಲ್ಲ. ಲೈನಿನಡಿಯ ಮರಗಳ ತಲೆ ಕಡಿಯುತ್ತಾರೆ, ಮದ್ದು ಬಿಡುವಾಗ, ಕೊಯ್ಯುವಾಗ ದೋಟಿ ತಾಗಿದರೆ ಜೀವಕ್ಕೇ ಅಪಾಯ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಮಾತು ಬಗೆಹರಿದದ್ದು ಬರಿ ತಂತಿಯ ಬದಲು ಹೊದಿಕೆಯಿರುವ ಕೇಬಲ್ ಎಳೆಯುವುದು, ಅದೂ ತೋಟದ ಅಂಚಿನ ದರೆಯ ಉದ್ದಕ್ಕೆ ಎಂದಾದ ಮೇಲೆ. ಕೇಬಲಿನ ಉದ್ದ ಹೆಚ್ಚಿತು, ಖರ್ಚೂ ಹೆಚ್ಚಿತು. ಬೇರೆಯವರ ಜಾಗ ದಾಟಬೇಕಾದವರು ಅರ್ಜಿ ಹಾಕುವ ಮುಂಚೆಯೇ ಅವರ ಮನೆಗೆ ಹೋಗಿ ಚಾ ಕುಡಿದು ಬನ್ನಿ. ಆಫೀಸಿನವರು ಅಳತೆಗೆ ಬಂದ ದಿನ ಗೊತ್ತಾದರೆ ಯಾರಿಗೇ ಆದರೂ ಮುಖ ಗಂಟಾಗುತ್ತದೆ.

ಆ ನಡುವೆ ಅರ್ತ್ ಗುಂಡಿ ತೆಗೆಸಿದೆವು. ಇಚ್ಚ ಮೀಟರ್ ಇಟ್ಟು ನೋಡಿದಾಗ ರೀಡಿಂಗ್ ಎರಡಂಕಿಯಿಂದ ಕೆಳಗಿಳಿಯಲಿಲ್ಲ; ಈ ಓಮ್ ಲೆಕ್ಕ ಕಡಮೆಯಾದಷ್ಟೂ ಒಳ್ಳೆಯದು. ಮಾರ್ಚ್ ತಿಂಗಳ ಮುರಕಲ್ಲಿನಲ್ಲಿ ನೀರಿನ ಪಸೆಯೇ ಇರುವುದಿಲ್ಲ, ಕರೆಂಟು ನೆಲಕ್ಕೆ ಹರಿಯುವುದು ಹೇಗೆ? ಉಪ್ಪು, ಇದ್ದಿಲು ಸುರಿದರೆ ಒಂದು ಮಳೆಗಾಲಕ್ಕೆ ತೊಳೆದು ಹೋಗುತ್ತದೆ. ದಾರಿ ತೋರಿಸಿದವರು ಬಾವಿ ತೋಡುವವರು: ಮುರ ಮುಗಿದ ಮೇಲೆ ಶೇಡಿ ಮಣ್ಣು ಸಿಗುತ್ತದೆ, ಅದು ಬೇಸಗೆಯಲ್ಲೂ ತಂಪು. ಬಚ್ಚಲ ನೀರು ಹೋಗುವ ಬದಿಯಲ್ಲಿ ಶೇಡಿ ಸಿಗುವವರೆಗೂ ಕೊರೆದು ಎರಡನೆಯ ರಾಡ್ ಇಳಿಸಿ, ಸುತ್ತ ಬೆಂಟೊನೈಟ್ (ನೀರಿನ ಪಸೆ ಹಿಡಿದಿಡುವ ಜೇಡಿ) ತುಂಬಿ, ಎರಡನ್ನೂ ಪಟ್ಟಿಯಿಂದ ಜೋಡಿಸಿದೆವು. ರೀಡಿಂಗ್ ಐದು ಓಮ್‌ನ ಹತ್ತಿರಕ್ಕೆ ಬಂತು. ಬೇಸಗೆಯ ಕೊನೆಯ ಸಿಡಿಲು, ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ಎರಡನ್ನೂ ನೋಡಿದವರಿಗೆ ಈ ಖರ್ಚು ಯಾಕೆಂದು ಹೇಳಬೇಕಾಗಿಲ್ಲ. ಮೇನ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇವೆ, ಆದರೆ ಅದರ ಬಲ ಇರುವುದೂ ಈ ಅರ್ತಿನಲ್ಲೇ.

ಇನ್ನು ಗಾಳಿ. ಮರದ ಹುಡಿ ಪೈಪಿನಲ್ಲಿ ಕೂರದೆ ಸಾಗಬೇಕಾದರೆ ಗಾಳಿಯ ವೇಗ ನಿಮಿಷಕ್ಕೆ ಸುಮಾರು 4,000 ಅಡಿ, ಅಂದರೆ ಸೆಕೆಂಡಿಗೆ 20 ಮೀಟರ್ ಇರಬೇಕು. ಆ ವೇಗದಲ್ಲಿ 4 ಇಂಚಿನ ಪೈಪಿನಲ್ಲಿ ಹೋಗುವುದು ನಿಮಿಷಕ್ಕೆ 350 ಘನ ಅಡಿ, 6 ಇಂಚಿನದರಲ್ಲಿ 785. ಬ್ಲೋವರಿನ ಬಾಯಿಂದಲೇ 4 ಇಂಚು ಎಳೆದರೆ ಐದು ಎಚ್‌ಪಿ ಪಂಪಿಗೆ ಅರ್ಧ ಇಂಚಿನ ಪೈಪು ಕಟ್ಟಿದ ಹಾಗೆ. ನಾವು ಮೇನ್ ಲೈನನ್ನು 160 ಎಂಎಂ, ಕವಲುಗಳನ್ನು 110 ಎಂಎಂ ಮಾಡಿದೆವು. ಗರಗಸಕ್ಕೆ ಎರಡು ಬಾಯಿ, ಒಂದು ಬ್ಲೇಡಿನ ಕೆಳಗೆ, ಒಂದು ಮೇಲೆ. ಎರಡೂ ಸೇರಿ ಎಳೆಯುವಾಗ ಮೇನ್ ಪೈಪಿನ ವೇಗ 3,500ರ ಆಚೀಚೆ ನಿಲ್ಲುತ್ತದೆ, 4,000ಕ್ಕಿಂತ ತುಸು ಕಡಮೆಯಾದರೂ ಮೇನ್ ಪೈಪಿಗೆ ಅಷ್ಟು ಸಾಕು. ಕೆಳಗಿನ ಬಾಯಿ ಒಂದನ್ನೇ ಕೊಟ್ಟು ಸುಮ್ಮನಾಗುವವರು ಹೆಚ್ಚು. ಮುಖಕ್ಕೆ ಬಡಿಯುವ ಹುಡಿ ಹಾರುವುದು ಮೇಲಿನಿಂದ.

ಪೈಪಿಗೆ ಎಲ್ಲಿಗೂ ಹೋಗಬೇಕಾಗಲಿಲ್ಲ. ಅಡಿಕೆ ತೋಟಕ್ಕೆ ನೀರು ಬಿಡುವ ಊರು, ಪಿವಿಸಿ ಪೈಪಿಲ್ಲದ ಅಂಗಡಿಯೇ ಇಲ್ಲ. ಆದರೆ ನೀರಿಗೆ ಮಾಡಿದ ಮೊಣಕೈ ಬೆಂಡ್ ಗಾಳಿಗೆ ಆಗದು. 90 ಡಿಗ್ರಿಯ ಒಂದು ಬೆಂಡಿನ ಬದಲು 45ರ ಎರಡು ಬೆಂಡುಗಳ ನಡುವೆ ಗೇಣುದ್ದ ಪೈಪು ಹಾಕಿ, ಕವಲಿಗೆ ಟಿ ಬದಲು ವೈ ಹಾಕಿ. ಜಾಯಿಂಟಿಗೆ ಗಮ್ ಬೇಡ, ಸ್ಕ್ರೂ ಹಾಕಿ ಟೇಪ್ ಸುತ್ತಿದರೆ ಮುಂದೆ ಬಿಚ್ಚಬಹುದು. ಹಳೆಯ ಮರದಲ್ಲಿ ಮೊಳೆಯಿದ್ದರೆ ಮೊದಲೇ ಕೀಳಿ. ಕಬ್ಬಿಣ ಉಜ್ಜುವ ಗ್ರೈಂಡರನ್ನು ಈ ಪೈಪಿಗೆ ಯಾವತ್ತೂ ಜೋಡಿಸಬೇಡಿ, ಒಂದು ಕಿಡಿ ಡ್ರಮ್ಮಿನ ಹುಡಿಗೆ ಸೇರಿದರೆ ಒಳಗೊಳಗೇ ಹೊಗೆಯಾಡಿ ರಾತ್ರಿ ಹೊತ್ತಿಕೊಳ್ಳುತ್ತದೆ.

ಬ್ಲೋವರ್ ಸಿಕ್ಕಿದ್ದು ಮಂಗಳೂರಿನ ಬೈಕಂಪಾಡಿ ಕಡೆಯ ಗುಜರಿಯಲ್ಲಿ, ಮುಚ್ಚಿದ ಫರ್ನಿಚರ್ ಘಟಕವೊಂದರ ಸಾಮಾನು. ಇಚ್ಚ ಇಂಪೆಲ್ಲರನ್ನು ಕೈಯಲ್ಲಿ ತಿರುಗಿಸಿ ಕಿವಿಗೊಟ್ಟರು, ಬೇರಿಂಗ್ ಗೊರಗೊರ ಎನ್ನುತ್ತಿತ್ತು. ಅದನ್ನೇ ಹೇಳಿ ಬೆಲೆ ಇಳಿಸಿ, ಹೊಸ ಬೇರಿಂಗ್ ಹಾಕಿಸಿದೆವು. ಬಿಲ್ ಕೇಳಿ ಪಡೆಯಿರಿ. ತಲಪಾಡಿಯ ರಾಜ್ಯ ಗಡಿ ದಾಟಿ ಸಾಮಾನು ತರುವವರಿಗೆ ಒಂದು ಮಾತು: ಸರಕಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು, ಅಂಗಡಿಯವರ ಹತ್ತಿರ ಮೊದಲೇ ಹೇಳಿಡಿ.

ಮುಂದಿನದು ಗಾಳಿಯಿಂದ ಹುಡಿಯನ್ನು ಬೇರ್ಪಡಿಸುವ ಸೈಕ್ಲೋನ್. ಸೈಕ್ಲೋನ್ ಅಂದರೆ ಮೇಲೆ ಸಿಲಿಂಡರು, ಕೆಳಗೆ ಕೋನು. ಹುಡಿ ಸೇರಿದ ಗಾಳಿ ಬದಿಯಿಂದ ನುಗ್ಗಿ ಸುತ್ತುತ್ತದೆ, ಭಾರದ ಹುಡಿ ಗೋಡೆಗೆ ತಾಗಿ ಕೆಳಗಿನ ಡ್ರಮ್ಮಿಗೆ ಇಳಿಯುತ್ತದೆ, ಗಾಳಿ ನಡುವಿನ ಕೊಳವೆಯಿಂದ ಮೇಲೇರುತ್ತದೆ. ನಕ್ಷೆಯನ್ನು ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿಗೆ ಕೊಟ್ಟೆ. ಅವರಿಗೆ ಆಗ ಬ್ರಹ್ಮಕಲಶದ ಚಪ್ಪರದ ಕೆಲಸ, ನನ್ನ ತಗಡು ಮೂಲೆಯಲ್ಲಿ ಬಿಸಿಲು ಕಾಯುತ್ತಿತ್ತು. ಫೋನ್ ಮಾಡಿದರೆ "ನಾಳೆ ಮಾಷ್ಟ್ರೇ". ಆ ನಾಳೆ ಬಂದದ್ದು ಜಾತ್ರೆಗಳೆಲ್ಲ ಮುಗಿದ ಮೇಲೆ. ಬಂದಾಗ ಕೋನು ನಕ್ಷೆಗಿಂತ ಗಿಡ್ಡವಾಗಿತ್ತು, ತಗಡು ಉಳಿಸಿದ್ದಂತೆ! ಕೋನು ಸಿಲಿಂಡರಿಗಿಂತ ಉದ್ದವಿರದಿದ್ದರೆ ನಯವಾದ ಹುಡಿ ಸರಿಯಾಗಿ ಬೇರ್ಪಡುವುದಿಲ್ಲ. ತಿರುಗಿ ಮಾಡಿಸಿದೆ. ಡ್ರಮ್ಮಿನ ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಂದಿದ್ದರೂ ಅಲ್ಲಿಂದ ಗಾಳಿ ಒಳಗೆ ಎಳೆದು, ಬಿದ್ದ ಹುಡಿ ಮತ್ತೆ ಮೇಲೇಳುತ್ತದೆ. ಬ್ಲೋವರ್ ಓಡಿಸಿ ಸುತ್ತ ಊದುಬತ್ತಿ ಹಿಡಿದರೆ ಹೊಗೆ ಎಲ್ಲಿ ಒಳಗೆ ಓಡುತ್ತದೋ ಅಲ್ಲಿ ಸೀಲ್ ಮಾಡಿ.

ಇಷ್ಟೆಲ್ಲ ಆದ ಮೇಲೆ ಉಳಿಯುವ ಗಾಳಿಯನ್ನು ಎಲ್ಲಿ ಬಿಡುವುದು? ಚಳಿಯ ದೇಶದವರು ಕಾಯಿಸಿದ ಗಾಳಿ ಹೋಗಬಾರದೆಂದು ದುಬಾರಿ ಫಿಲ್ಟರ್ ಹಾಕಿ ಕೋಣೆಯೊಳಗೇ ಬಿಡುತ್ತಾರೆ. ನಮಗೆ ಅಂಥ ಚಿಂತೆಯಿಲ್ಲ, ಹೊರಗೇ ಬಿಟ್ಟರಾಯಿತು ಎಂದುಕೊಂಡಿದ್ದೆ. ಮನೆಯವಳು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿದ ದಿನ ತಕರಾರು ಎದ್ದಿತು. "ಹಲಸಿನದೇ ಹುಡಿ ಅಲ್ಲವಾ ಅಂತ ಹೇಳಬೇಡಿ, ಇದು ತಿನ್ನುವ ಹಲಸು." ಅವಳ ಮಾತಿಗೆ ನನ್ನ ಭೌತಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಈಗ ಎರಡು ದಾರಿ ಮಾಡಿದ್ದೇವೆ. ಬೇಸಗೆಯಲ್ಲಿ ಗಾಳಿ ಕಾರ್ಟ್ರಿಜ್ ಫಿಲ್ಟರ್ ಮೂಲಕ ಹೋಗುತ್ತದೆ. ಜೂನ್‌ನಿಂದ ತೇವಕ್ಕೆ ಫಿಲ್ಟರಿನ ಮಡಿಕೆಗಳಲ್ಲಿ ಹುಡಿ ಹಿಟ್ಟಿನಂತೆ ಅಂಟುತ್ತದೆ, ಆಗ ಅದನ್ನು ಬಿಚ್ಚಿಟ್ಟು ನೇರ ತೋಟದ ಕಡೆಗೆ ಬಿಡುತ್ತೇವೆ, ಚಿಮಣಿಗೆ ಮಳೆಯ ಟೋಪಿ ಇದೆ. ಹೊರಗೆ ಬಿಡುವಷ್ಟೇ ಗಾಳಿ ಒಳಗೆ ಬರಲು ಕಿಟಕಿ ತೆರೆದಿರಬೇಕು, ಇಲ್ಲದಿದ್ದರೆ ಬಾಗಿಲು ಎಳೆದರೂ ತೆರೆಯದು, ಎಳೆತವೂ ಬೀಳುತ್ತದೆ. ಸದ್ದಿನ ವಿಷಯವೂ ಇದೆ: ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಸಂಜೆಯಾದ ಮೇಲೆ ಕೈಗರಗಸ, ಉಳಿ ಮಾತ್ರ.

ಬ್ಲೋವರನ್ನು ಮೊದಲ ಸಲ ಓಡಿಸಿದಾಗ ಇಚ್ಚ ಕ್ಲಾಂಪ್ ಮೀಟರ್ ಹಿಡಿದು ಒಂದು ತಮಾಷೆ ತೋರಿಸಿದರು. ಬಾಯಿಗೆ ಹಲಗೆ ಮುಚ್ಚಿದರೆ ಆಂಪಿಯರ್ ಏರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಇಳಿಯಿತು. ಗಾಳಿ ಸಾಗಿಸುವ ಕೆಲಸವೇ ಇಲ್ಲದಾಗ ಫ್ಯಾನಿಗೆ ಲೋಡೂ ಇಲ್ಲ. ಮಕ್ಕಳಿಗೆ ಇಷ್ಟು ವರ್ಷ ಪಾಠ ಮಾಡುವಾಗ ಈ ಉದಾಹರಣೆ ಸಿಗಬೇಕಿತ್ತು ಅನ್ನಿಸಿತು.

ಕಂಟ್ರೋಲಿಗೆ ಬಂದೆವು. ಪಿಎಲ್‌ಸಿ ಡೆಲ್ಟಾದ ಚಿಕ್ಕದು, 8 ಇನ್‌ಪುಟ್, 6 ಔಟ್‌ಪುಟ್, ಸೆಕೆಂಡ್ ಹ್ಯಾಂಡ್. ಐದು ಮಿಷನ್‌ಗಳಿಗೆ ಐದು ಕರೆಂಟ್ ಸೆನ್ಸರ್, ಡ್ರಮ್ ತುಂಬಿದ್ದು ತಿಳಿಸುವ ಸೆನ್ಸರ್, ಗಾಳಿಯ ಪ್ರೆಷರ್ ಸ್ವಿಚ್, ಎಮರ್ಜೆನ್ಸಿ ಸ್ಟಾಪಿನ ಸುದ್ದಿ, ಎಂಟೂ ಆಯಿತು. ಐದು ಗೇಟು, ಒಂದು ಬ್ಲೋವರ್, ಆರೂ ಆಯಿತು. ಒಂದು ಎಚ್ಚರಿಕೆಯ ದೀಪ ಬೇಕೆಂದರೆ ಎಕ್ಸ್‌ಟೆನ್ಷನ್ ಮಾಡ್ಯೂಲೇ ಗತಿ. ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರ್ ಉಚಿತ. ಅದರ ಲ್ಯಾಡರ್ ಭಾಷೆ ಎಂದರೆ ರಿಲೇಗಳ ಚಿತ್ರವೇ, ವೈರಿಂಗ್ ಗೊತ್ತಿದ್ದವರಿಗೆ ಓದಲು ಕಷ್ಟವಿಲ್ಲ. ಸೆನ್ಸರ್ ಕೊಳ್ಳುವಾಗ ಎನ್‌ಪಿಎನ್, ಪಿಎನ್‌ಪಿ ಎಂಬ ಎರಡು ಬಗೆಗಳಲ್ಲಿ ಯಾವುದೆಂದು ನೋಡಿ. ಎರಡನ್ನೂ ಬೆರೆಸಿ ತಂದರೆ ಒಂದೇ ಪಿಎಲ್‌ಸಿಯ ಇನ್‌ಪುಟ್ ಸಾಲಿಗೆ ಹೊಂದುವುದಿಲ್ಲ.

ಕರೆಂಟ್ ಸೆನ್ಸರಿನ ತೂತಿನಲ್ಲಿ ಒಂದೇ ವೈರು ಹಾಯಬೇಕು. ಇಡೀ ಕೇಬಲ್ ತೂರಿಸಿದರೆ ಹೋಗುವ, ಬರುವ ಕರೆಂಟುಗಳು ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. ಸ್ಯಾಂಡರ್ ಎಳೆಯುವ ಕರೆಂಟು ಸೆನ್ಸರಿಗೆ ಸಾಲಲಿಲ್ಲ. ಅದೇ ವೈರನ್ನು ತೂತಿನಲ್ಲಿ ಮೂರು ಸುತ್ತು ಹಾಯಿಸಿದಾಗ ಮೂರು ಪಟ್ಟು ಕಂಡು ಎಚ್ಚರವಾಯಿತು. ಗೇಟುಗಳನ್ನು ತೆರೆಯುವುದು ಸಣ್ಣ ನ್ಯೂಮ್ಯಾಟಿಕ್ (ಗಾಳಿಯ ಒತ್ತಡದ) ಸಿಲಿಂಡರು, ಅದಕ್ಕೆ ಗಾಳಿ ಬಿಡುವುದು 24 ವೋಲ್ಟಿನ ಸೊಲೆನಾಯ್ಡ್ ವಾಲ್ವು. ಗೇಟಿನ ಹಲಗೆ ಜಾರುವ ತೋಡನ್ನು ಎರಡೂ ತುದಿಗೆ ತೆರೆದಿಡಿ, ಹುಡಿ ತಾನೇ ಹೊರಗೆ ತಳ್ಳಲ್ಪಡುತ್ತದೆ, ತುದಿ ಮುಚ್ಚಿದರೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಂಪ್ರೆಸರಿನ ಟ್ಯಾಂಕಿಯಿಂದ ದಿನಾ ನೀರು ಬಿಡದಿದ್ದರೆ ವಾಲ್ವು ತುಕ್ಕು ಹಿಡಿಯುತ್ತದೆ.

ಪ್ರೋಗ್ರಾಂನಲ್ಲಿ ಮುಖ್ಯವಾದ ಸಂಗತಿ ಒಂದೇ: ಹೊಸ ಗೇಟು ತೆರೆದ ಮೇಲೆಯೇ ಹಳೆಯದು ಮುಚ್ಚಬೇಕು. ಮಿಷನ್ ನಿಂತ ಮೇಲೆ 15 ಸೆಕೆಂಡ್ ಬ್ಲೋವರ್ ಓಡುತ್ತದೆ. ಪದೇ ಪದೇ ಆನ್-ಆಫ್ ಆಗುವುದರಿಂದ ಪೆಟ್ಟು ಬೀಳದಿರಲೆಂದು ಬ್ಲೋವರಿಗೆ ವಿಎಫ್‌ಡಿ (ಮೋಟಾರಿನ ವೇಗ ಹೆಚ್ಚು ಕಡಮೆ ಮಾಡುವ ಸಾಧನ) ಕೊಟ್ಟೆವು, ಮೆಲ್ಲನೆ ಎಬ್ಬಿಸಿ ಮೆಲ್ಲನೆ ಇಳಿಸುತ್ತದೆ. ನೇರವಾಗಿ ಸ್ಟಾರ್ಟ್ ಮಾಡಿದರೆ ಮೋಟಾರು ಆರು ಪಟ್ಟಿನಷ್ಟು ಕರೆಂಟು ಎಳೆದು ಮನೆಯ ದೀಪ ಮಂಕಾಗುತ್ತಿತ್ತು.

ವಿಎಫ್‌ಡಿ ಹಾಕಿದ್ದೇ ತಡ, ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಬ್ರೇಕರ್) ಟ್ರಿಪ್. ಏನೂ ಕೆಟ್ಟಿರಲಿಲ್ಲ. ವಿಎಫ್‌ಡಿಯೊಳಗಿನ ಫಿಲ್ಟರ್ ಕೆಪಾಸಿಟರುಗಳು ಸ್ವಭಾವತಃ ಸ್ವಲ್ಪ ಕರೆಂಟನ್ನು ಅರ್ತಿಗೆ ಬಿಡುತ್ತವೆ, 30 ಮಿಲಿಆಂಪಿಯರಿನ ಆರ್‌ಸಿಸಿಬಿಗೆ ಅದು ಸೋರಿಕೆಯಾಗಿ ಕಾಣುತ್ತದೆ. ಅಂಗಡಿಯೊಂದರಲ್ಲಿ "ಆರ್‌ಸಿಸಿಬಿ ತೆಗೆದುಬಿಡಿ" ಎಂದರು. ದಯವಿಟ್ಟು ಹಾಗೆ ಮಾಡಬೇಡಿ. ವಿಎಫ್‌ಡಿಗೆ ಮಾತ್ರ ಬೇರೆ ದಾರಿ ಮಾಡಿ, ಅದಕ್ಕೆಂದೇ ಇರುವ ಟೈಪ್ ಬಿ, 300 ಮಿಲಿಆಂಪಿಯರಿನದು ಹಾಕಿದೆವು. ಬೆಲೆ ಕೇಳಿ ಬೆವರು ಬಂತು. ಮನೆಗೂ ಕೈಯಲ್ಲಿ ಹಿಡಿಯುವ ಉಪಕರಣಗಳಿಗೂ 30ರದೇ ಉಳಿದಿದೆ.

ಎಮರ್ಜೆನ್ಸಿ ಸ್ಟಾಪನ್ನು ಪಿಎಲ್‌ಸಿಯ ಬುದ್ಧಿಗೆ ಬಿಡಲು ಇಚ್ಚ ಒಪ್ಪಲಿಲ್ಲ. ಕೆಂಪು ಗುಂಡಿ ಒತ್ತಿದರೆ ಮಿಷನ್‌ಗಳಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರುಗಳ ಕಾಯಿಲಿನ ದಾರಿಯೇ ಕಡಿಯುತ್ತದೆ, ಪಿಎಲ್‌ಸಿಗೆ ಬರಿ ಸುದ್ದಿ ಹೋಗುತ್ತದೆ. ಪ್ರತಿ ಮಿಷನ್‌ಗೂ ಡಿಒಎಲ್ ಸ್ಟಾರ್ಟರ್, ಕರೆಂಟು ಹೋದರೆ ತಾನೇ ಬಿಟ್ಟುಕೊಳ್ಳುವ ಸ್ವಿಚ್. ಕರೆಂಟು ಹೋಗಿ ಬಂದರೆ ತಾನಾಗಿ ತಿರುಗಬಾರದು, ನಮ್ಮ ಕಡೆ ಮಳೆಗಾಲದಲ್ಲಿ ಅದು ದಿನಕ್ಕೆಷ್ಟು ಸಲ ಹೋಗುತ್ತದೆಂದು ಲೆಕ್ಕವಿಟ್ಟವರಿಲ್ಲ.

ಇದರ ಜೊತೆಗೆ ಹಾಕಿದ ಫೇಸ್ ಪ್ರಿವೆಂಟರ್ (ಫೇಸ್ ತಪ್ಪಿದರೆ, ಅದಲುಬದಲಾದರೆ ಮಿಷನ್ ಓಡಲು ಬಿಡದ ರಿಲೇ) ಜುಲೈಯಲ್ಲಿ ದುಡ್ಡು ತೀರಿಸಿತು. ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದಿತ್ತು. ಸರಿಮಾಡಿ ಕರೆಂಟು ಬಂದ ಮೇಲೆ ಮನೆಯ ದೀಪ, ಫ್ಯಾನ್ ಎಲ್ಲ ಸರಿ, ಶೆಡ್ಡು ಮಾತ್ರ ಏಳಲೊಲ್ಲದು. ಪ್ರಿವೆಂಟರಿನ ಕೆಂಪು ದೀಪ ಉರಿಯುತ್ತಿತ್ತು. ಜೋಡಿಸುವಾಗ ಎರಡು ಫೇಸ್ ಅದಲುಬದಲಾಗಿತ್ತು. ತೋಟದ ಪಂಪು ಉಲ್ಟಾ ತಿರುಗಿ ನೀರು ಬಾರದಿದ್ದಾಗ ಕೃಷಿಕರು ಮಾಡುವ ಕೆಲಸವೇ ಇಲ್ಲೂ, ಆದರೆ ಗರಗಸ ಉಲ್ಟಾ ತಿರುಗಿದರೆ ಬ್ಲೇಡಿನ ನಟ್ಟೇ ಸಡಿಲವಾಗಬಹುದು. ವಿಎಫ್‌ಡಿಯ ಮೋಟಾರಿಗೆ ಇದು ತಾಗುವುದಿಲ್ಲ, ಒಳಬರುವ ಫೇಸಿನ ಕ್ರಮ ಹೇಗಿದ್ದರೂ ಅದು ತನ್ನದೇ ಕ್ರಮದಲ್ಲಿ ತಿರುಗಿಸುತ್ತದೆ. ವಿಎಫ್‌ಡಿ ಇಲ್ಲದೆ ಬ್ಲೋವರ್ ಓಡಿಸುವವರು ಜಾಗ್ರತೆ: ಇಂಥ ಫ್ಯಾನು ಉಲ್ಟಾ ತಿರುಗಿದರೂ ಗಾಳಿಯನ್ನು ಎಳೆಯುತ್ತಲೇ ಇರುತ್ತದೆ, ಎಳೆತ ಕಡಮೆಯಾಗುತ್ತದೆ ಅಷ್ಟೇ. ಫಿಲ್ಟರ್ ಕಟ್ಟಿದೆ ಎಂದುಕೊಂಡು ತಿಂಗಳುಗಟ್ಟಲೆ ತೊಳೆಯುತ್ತಾ ಕೂರಬಹುದು.

ಖರ್ಚು ಕೇಳುವವರಿಗೆ: ಬ್ಲೋವರ್ ಬೇರಿಂಗ್ ಸಮೇತ 28,000. ಸೈಕ್ಲೋನ್, ಡ್ರಮ್ 15,000. ಪೈಪು, ಬೆಂಡು 19,000. ಫಿಲ್ಟರ್ 9,000. ವಿಎಫ್‌ಡಿ 21,000. ಪಿಎಲ್‌ಸಿ, ಮಾಡ್ಯೂಲ್, 24 ವೋಲ್ಟಿನ ಸಪ್ಲೈ 12,000. ಸಿಲಿಂಡರು, ವಾಲ್ವು, ಕಂಪ್ರೆಸರ್ 22,000. ಪ್ಯಾನೆಲ್ ಪೆಟ್ಟಿಗೆ, ಕಾಂಟ್ಯಾಕ್ಟರು, ಬ್ರೇಕರುಗಳು, ಆ ಟೈಪ್ ಬಿ ಸೇರಿ 38,000. ಅರ್ತ್ 11,000. ಲೈನ್ ಎಳೆದ ಖರ್ಚು ಕಂಬದ ದೂರದ ಮೇಲೆ ಹೋಗುತ್ತದೆ, ನನ್ನದು ನಿಮಗೆ ಲೆಕ್ಕಕ್ಕೆ ಬಾರದು. ದುಡ್ಡು ಕಡಮೆಯಿದ್ದರೆ ಪಿಎಲ್‌ಸಿ, ಸಿಲಿಂಡರು ಬಿಟ್ಟು ಗೇಟನ್ನು ಕೈಯಲ್ಲೇ ಎಳೆಯಿರಿ, ಪೈಪಿನ ಅಳತೆಯನ್ನೂ ಅರ್ತನ್ನೂ ಇಳಿಸಬೇಡಿ. ಕೈಗೇಟಿನಲ್ಲೇ ನಾವು ಒಂದು ಮಳೆಗಾಲವಿಡೀ ಕೆಲಸ ಮಾಡಿದ್ದೇವೆ, ಕೆಮ್ಮು ನಿಂತದ್ದೂ ಆಗಲೇ.

ಸ್ಯಾಂಡಿಂಗ್ ಮಾಡುವಾಗ ಈಗಲೂ ಮಾಸ್ಕ್ ಹಾಕುತ್ತೇನೆ. ಡ್ರಮ್ಮಿನ ಹುಡಿ ಅಣ್ಣನ ಹಟ್ಟಿಗೆ ಹೋಗುತ್ತದೆ, ಹಸುಗಳ ಅಡಿಗೆ ಹರಡಲು. ವಯರಿಂಗಿನ ನಕ್ಷೆ, ಪ್ರೋಗ್ರಾಂನ ಪ್ರಿಂಟು ಎರಡನ್ನೂ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಪ್ಯಾನೆಲಿನ ಬಾಗಿಲ ಒಳಬದಿಗೆ ಅಂಟಿಸಿದ್ದೇವೆ. ಇಚ್ಚ ಮಗನ ಮನೆಗೆಂದು ಹೋದ ಸಮಯದಲ್ಲಿ ಒಂದು ವಾಲ್ವು ಕೈಕೊಟ್ಟಾಗ, ಪೇಟೆಯಿಂದ ಬಂದ ಹುಡುಗ ಅದನ್ನೇ ನೋಡಿ ಚಾ ಆರುವ ಮೊದಲು ಸರಿಮಾಡಿ ಹೋದ.